ಲೇತ್ ಸರಿಸಲು ನನ್ನ ಓಟು ಪೈಪಿಗೇ: ಪ್ಯಾಲೆಟ್ ಟ್ರಕ್, ಕ್ರೇನ್, ಚೈನ್ ಬ್ಲಾಕ್ ಬಳಸಿದ ಮೇಲೆ

ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಟನ್ನಿನ ಆಸುಪಾಸಿನ ಮೆಷಿನ್ ಸರಿಸಬೇಕಿದ್ದರೆ ಮೊದಲು ಗುಜರಿ ಅಂಗಡಿಗೆ ಹೋಗಿ, ಒಂದೂವರೆ ಇಂಚಿನ ಸಿ ಕ್ಲಾಸ್ ಜಿಐ ಪೈಪಿನ (ದಪ್ಪ ಗೋಡೆಯ, ಸತು ಲೇಪಿಸಿದ ಪೈಪ್) ನಾಲ್ಕೈದು ತುಂಡು ತನ್ನಿ. ಅವನ್ನು ಮೆಷಿನ್ ಅಡಿಗೆ ಅಡ್ಡಲಾಗಿ ಇಟ್ಟು ಉರುಳಿಸಿಕೊಂಡು ಹೋಗುವುದು. ಬೇರೆಯವನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನನ್ನದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್, ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಮೆಷಿನ್. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಮೆಷಿನ್ ಮಗುಚಿ ಎರಕದ ಬೆಡ್ಡೋ (ಉಳಿದ ಭಾಗಗಳು ಕೂರುವ ಉದ್ದನೆಯ ತೊಲೆ) ಕಾಲೋ ಬಿರುಕು ಬಿಟ್ಟರೆ ಬದಲಿ ಹುಡುಕಿಕೊಂಡು ಹಳೇ ಮೆಷಿನ್ ಮಾರುವವರ ಬಾಗಿಲು ಬಾಗಿಲು ಅಲೆಯಬೇಕು. ಲೇತಿನ ಭಾರ ಹೆಡ್‌ಸ್ಟಾಕ್ (ಎಡತುದಿಯ ಗೇರು ಪೆಟ್ಟಿಗೆ) ಕಡೆಗೇ ಜಾಸ್ತಿ, ಅದೂ ಮೇಲ್ಭಾಗದಲ್ಲಿ. ಎತ್ತಿದಷ್ಟೂ ಅಪಾಯ. ಪೈಪ್ ಮೇಲೆ ಕೂತ ಮೆಷಿನ್ ನೆಲದಿಂದ ಎರಡು ಇಂಚು ಮಾತ್ರ ಮೇಲಿರುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಹ್ಯಾಂಡ್ ಪ್ಯಾಲೆಟ್ ಟ್ರಕ್, ಅಂದರೆ ಎರಡು ಉದ್ದ ಫೋರ್ಕನ್ನು ಭಾರದ ಅಡಿಗೆ ತೂರಿಸಿ ಪಂಪ್ ಒತ್ತಿ ಎತ್ತುವ ಕೈಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಎರಡೂವರೆ ಟನ್ನಿನದು, ಪಂಪ್ ಚೆನ್ನಾಗಿತ್ತು, ಎಣ್ಣೆ ಸೋರುತ್ತಿರಲಿಲ್ಲ. ಗಾಡಿಯಲ್ಲಿ ದೋಷವಿರಲಿಲ್ಲ, ನಮ್ಮ ಮನೆಯ ನೆಲಕ್ಕೆ ಅದು ಹೊಂದಲಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳಂತೆ ನಮ್ಮದೂ ಪಾರ್ಕಿಂಗ್ ಟೈಲ್ಸ್ ಹಾಕಿದ ನೆಲ. ಶೆಡ್ಡಿನ ಬಾಯಿಯಲ್ಲಿ ಸ್ಲೈಡಿಂಗ್ ಗೇಟಿನ ಹಳಿ, ಅದರ ಪಕ್ಕದಲ್ಲೇ ಮಳೆನೀರಿನ ಜಾಲರಿ.

ಈ ಗಾಡಿಯ ಫೋರ್ಕ್ ಕೆಳಗಿನ ಚಕ್ರಗಳು ಸುಮಾರು 80 ಮಿಲಿಮೀಟರ್ ವ್ಯಾಸದವು, ಅಂದರೆ 40ರ ತ್ರಿಜ್ಯ. ಅಷ್ಟು ಸಣ್ಣ ಚಕ್ರ ಬರೀ 10 ಮಿಲಿಮೀಟರ್ ಏಣು ಹತ್ತಬೇಕೆಂದರೂ ಅದರ ಮೇಲಿರುವ ಭಾರದ ಸುಮಾರು 90%ರಷ್ಟು ಬಲ ಹಾಕಿ ಎಳೆಯಬೇಕು. ಶಾಲೆಯ ಜ್ಯಾಮಿತಿ ಸಾಕು, ಕಾಗದದ ಮೇಲೆ ಹಾಕಿ ನೋಡಬಹುದು. ಎರಡು ಚಕ್ರಗಳ ಮೇಲೆ ಐನೂರು ಕಿಲೊ ಕೂತಿದ್ದರೆ ನಾನೂ ತಮ್ಮನೂ ಸೇರಿ ಎಳೆದರೂ ಅಲುಗದೇ ಇದ್ದದ್ದು ಸಹಜ. ಗೇಟಿನ ಹಳಿ 10 ಮಿಲಿಮೀಟರಿಗಿಂತಲೂ ಎತ್ತರ.

ಹಳಿಯ ಮೇಲೆ ಹಲಗೆ ಹಾಕಿದರಾಯಿತಲ್ಲ ಎನ್ನಬಹುದು. ಹಾಕಿದೆವು. ಆದರೆ ಈ ಗಾಡಿಗೆ ಮೂರು ದಾರಿ ಬೇಕು: ಎರಡು ಫೋರ್ಕಿಗೆ ಎರಡು, ಹಿಡಿಕೆಯ ಕೆಳಗಿನ ತಿರುಗುವ ಚಕ್ರಕ್ಕೆ ನಡುವೆ ಇನ್ನೊಂದು. ಮೂರು ಹಲಗೆಯೂ ಒಂದೇ ಮಟ್ಟದಲ್ಲಿರಬೇಕು. ಹಲಗೆ ಎಲ್ಲಿ ಶುರುವಾಗುತ್ತದೋ ಅಲ್ಲೇ ಮತ್ತೊಂದು ಏಣು, ಅದಕ್ಕೆ ಬೆಣೆಯಂತೆ ಕೆತ್ತಿದ ಮರದ ತುಂಡು. ಒಳಗೆ ತಿರುಗಿಸಲು ಹೊರಟರೆ ನಡುವಿನ ಚಕ್ರ ಹಲಗೆ ಬಿಟ್ಟು ಕೆಳಗಿಳಿಯುತ್ತದೆ. ಅಷ್ಟರಲ್ಲಿ ಗಾರೆ ಸರಿಯಾಗಿ ಕೂರದೆ ಪೊಳ್ಳಾಗಿದ್ದ ಒಂದು ಟೈಲ್ ಲಟಕ್ಕೆಂದಿತು. ಎಲ್ಲ ಭಾರವೂ ಆ ಪುಟ್ಟ ಚಕ್ರಗಳ ಅಡಿಯಲ್ಲೇ ಇಳಿಯುವಾಗ ಇನ್ನೇನಾಗಬೇಕು? ಮಳೆನೀರು ಹರಿಯಲೆಂದು ಶೆಡ್ಡಿಗೆ ಕೊಟ್ಟ ಇಳಿಜಾರು ಬೇರೆ. ಈ ಗಾಡಿಗೆ ಬ್ರೇಕ್ ಇಲ್ಲ.

ಪೈಪಿಗೆ ಎರಡೇ ಹಲಗೆ ಸಾಕು. ಹಳಿಗಿಂತ ದಪ್ಪದ ಎರಡು ಹಲಗೆಗಳನ್ನು ಹಳಿಯ ಈಚೆ ಒಂದು, ಆಚೆ ಒಂದು ಮಟ್ಟವಾಗಿ ಹಾಸಿದರೆ ದಾಟಿಬಿಡುತ್ತದೆ. ಭಾರ ಪೈಪಿನ ಉದ್ದಕ್ಕೂ ಹಂಚಿಹೋಗುತ್ತದೆ. ಪೈಪ್ ಒಂದು ಅಡಿ ಉರುಳಿದರೆ ಮೆಷಿನ್ ಎರಡು ಅಡಿ ಮುಂದೆ ಹೋಗಿರುತ್ತದೆ, ಹಿಂದೆ ಉಳಿದದ್ದನ್ನು ತೆಗೆದು ಮುಂದಕ್ಕೆ ಇಡುತ್ತಿರಬೇಕು. ತಿರುಗಿಸಬೇಕಾದಾಗ ಮುಂದಿನ ಪೈಪಿನ ತುದಿಗೆ ಸುತ್ತಿಗೆಯಿಂದ ತಟ್ಟಿ ಓರೆ ಮಾಡಿದರೆ ಸಾಕು. ಮೆಷಿನ್ ಸಾಗಿಸುವ ಒಬ್ಬ ಹಿರಿಯ ಮೇಸ್ತ್ರಿ ನನ್ನ ಕೈ ಹಿಡಿದು ನಿಲ್ಲಿಸಿ ಹೇಳಿದ್ದರು: "ಸಾರ್, ಪೈಪಿನ ತೂತಿಗೆ ಮಾತ್ರ ಬೆರಳು ತೂರಿಸಬೇಡಿ. ಅಂಗೈಯಿಂದ ತಳ್ಳಿ." ಇದನ್ನು ದಯವಿಟ್ಟು ಮನೆಯವರಿಗೂ ಹೇಳಿಕೊಡಿ.

ಇಳಿಜಾರಿನಲ್ಲಿ ಪೈಪೂ ಓಡುತ್ತದೆ. ಹಿಂದಿನಿಂದ ಒಬ್ಬರು ಕಂಬಕ್ಕೆ ಸುತ್ತಿದ ಹಗ್ಗ ಹಿಡಿದಿರಬೇಕು, ಕೈಗೆಟಕುವಂತೆ ಬೆಣೆ ಇರಬೇಕು. ಕೆಲಸದ ತುಂಡು ಹಿಡಿಯುವ ಚಕ್ ಬಿಚ್ಚಿಡಿ, ಬೆಡ್ಡಿನ ಮೇಲೆ ಜಾರುವ ಟೈಲ್‌ಸ್ಟಾಕನ್ನೂ ಕ್ಯಾರೇಜನ್ನೂ ಬಲತುದಿಗೆ ಸರಿಸಿ ಬಿಗಿ ಮಾಡಿ. ತೂಕ ಸ್ವಲ್ಪ ಸಮವಾಗುತ್ತದೆ. ಹಗ್ಗ ಬೆಡ್ಡಿಗೆ ಕಟ್ಟಿ. ಬೆಡ್ಡಿನ ಮುಂದೆ ಉದ್ದಕ್ಕೂ ಇರುವ ಲೀಡ್ ಸ್ಕ್ರೂಗೆ ಹಗ್ಗ ತಾಗಿದರೆ ಆ ಸ್ಕ್ರೂ ಬಾಗುತ್ತದೆ.

ಗ್ಯಾರೇಜಿನವರು ಎಂಜಿನ್ ಇಳಿಸುವ ಹೈಡ್ರಾಲಿಕ್ ಕ್ರೇನನ್ನು ಬಾಡಿಗೆಗೆ ತಂದಿದ್ದೆ. ತೋಳು ಹೊರಗೆಳೆದಷ್ಟೂ ಅದರ ಶಕ್ತಿ ಇಳಿಯುತ್ತದೆ. ಎರಡು ಟನ್ನಿನದು ಎಂದರೆ ತೋಳು ಪೂರ್ತಿ ಒಳಗಿದ್ದಾಗ ಮಾತ್ರ. ತೋಳು ಒಳಗಿಟ್ಟರೆ ಅದರ ಕಾಲು ಲೇತಿನ ಕಾಲಿಗೆ ಅಡ್ಡ. ಹೆಡ್‌ಸ್ಟಾಕ್ ಒಂದನ್ನೇ ಎತ್ತಲು ಬಹಳ ಒಳ್ಳೆಯದು.

ಟೆಂಪೊದಿಂದ ಇಳಿಸಲು ಚೈನ್ ಬ್ಲಾಕ್‌ಗೆ (ಮೇಲೆ ತೂಗುಹಾಕಿ ಸರಪಳಿ ಎಳೆದು ಭಾರ ಎತ್ತುವ ರಾಟೆ) ಸಮ ಇನ್ನೊಂದಿಲ್ಲ. ಆದರೆ ಅದನ್ನು ತಾರಸಿಯ ಫ್ಯಾನ್ ಕೊಂಡಿಗೆ ಸಿಕ್ಕಿಸಲೇಬೇಡಿ. ಐ ಬೀಮಿನ ಚೌಕಟ್ಟು ಬೇಕು, ಅದು ನನ್ನ ಬಜೆಟ್ಟಿನಲ್ಲಿಲ್ಲ. ಮೆಷಿನ್ ಸ್ಕೇಟ್ (ಮೆಷಿನ್ ಅಡಿಗಿಡುವ ಸಣ್ಣ ಚಕ್ರಗಳ ತಳ್ಳುಮಣೆ) ನುಣುಪಾದ ಕಾಂಕ್ರೀಟಿಗೆ ಚೆನ್ನ, ಟೈಲ್ಸಿಗೆ ಬೇಡ.

ನಾನು ವರ್ಷಕ್ಕೊಮ್ಮೆಯೋ ಎರಡು ಸಲವೋ ಮೆಷಿನ್ ಜಾಗ ಬದಲಿಸುವವನು. ಅವಸರವಿಲ್ಲ, ಭಾನುವಾರ ತಮ್ಮ ಬರುತ್ತಾನೆ. ಪೈಪ್ ಗೋಡೆಯ ಮೂಲೆಯಲ್ಲಿ ನಿಲ್ಲುತ್ತದೆ, ಪ್ಯಾಲೆಟ್ ಟ್ರಕ್ ಸ್ಕೂಟರಿನಷ್ಟು ಜಾಗ ತಿನ್ನುತ್ತದೆ. ನಿಮ್ಮದು ಸಿಮೆಂಟಿನ ಸಪಾಟು ನೆಲವಾಗಿ, ವಾರಕ್ಕೊಮ್ಮೆ ಮೆಷಿನ್ ಸರಿಸುವವರಾದರೆ ಟ್ರಕ್ಕೇ ಕೊಳ್ಳಿ. ನನ್ನ ಟ್ರಕ್ ಪೀಣ್ಯದ ಒಂದು ಶೆಡ್ಡಿಗೆ ಮಾರಾಟವಾಗಿ ಹೋಯಿತು. ಆ ದುಡ್ಡಿಗೆ ಟೋ ಜಾಕ್ ತಂದೆ, ನೆಲಮಟ್ಟದಲ್ಲೇ ಮೆಷಿನ್ ಅಂಚಿನಡಿ ತೂರಿಸಿ ಎತ್ತುವ ಜಾಕ್. ಮೊದಲ ಪೈಪ್ ತೂರಿಸಲು ಈಗ ಇಬ್ಬರು ಹಾರೆಕೋಲು ಮೀಟುವ ಅಗತ್ಯವಿಲ್ಲ.