ಹಳೇ ಡಿಸೈನಿನ ಮರದ ದೋಣಿಗೆ ಸ್ಟರ್ನ್ ಡ್ರೈವ್: ಒಪ್ಪುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಹಳೇ ಕಾಲದ ಡಿಸೈನಿನ ಮರದ ಮೋಟಾರು ದೋಣಿ ಕಟ್ಟಿಸುವವರು ಈಗೀಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪ್ಲಾನಿನಲ್ಲಿ ಇನ್‌ಬೋರ್ಡ್ (ಎಂಜಿನ್ ನಡುವೆ, ಶಾಫ್ಟ್ ತಳದಿಂದ ಹೊರಕ್ಕೆ) ಎಂದಿದ್ದರೆ, ಅದರ ಬದಲು ಸ್ಟರ್ನ್ ಡ್ರೈವ್ (ಎಂಜಿನ್ ಹಿಂಬದಿಗೆ ಅಂಟಿಕೊಂಡು, ಪ್ರೊಪೆಲ್ಲರ್ ಇರುವ ಕಾಲು ಹೊರಗೆ) ಹಾಕುತ್ತೇವೆ ಎನ್ನುವವರಿಗೆ ಸುಮ್ನೆ ತಲೆಯಾಡಿಸಬೇಡಿ. ದುಡ್ಡಿನ ಮಾತು ಆಮೇಲೆ. ಇದು ಜೀವದ ಪ್ರಶ್ನೆ.

ನಾನೂ ನಮ್ಮ ಭಾವನೂ ಸೇರಿ 1950ರ ದಶಕದ ಒಂದು ಅಮೆರಿಕನ್ ಪ್ಲಾನ್ ಕೊಟ್ಟು ಪೀಣ್ಯದ ಕಡೆಯ ಒಂದು ವರ್ಕ್‌ಶಾಪಿನಲ್ಲಿ ದೋಣಿ ಕಟ್ಟಿಸಿದೆವು. ಪ್ಲಾನಿನಲ್ಲಿ ಶಾಫ್ಟ್, ಪ್ರೊಪೆಲ್ಲರ್, ಚುಕ್ಕಾಣಿ ಎಲ್ಲವನ್ನೂ ಸ್ಪಷ್ಟವಾಗಿ ತೋರಿಸಿತ್ತು. ನೋಡಲು ಹೋದಾಗ ದೋಣಿಯ ಹಿಂಬದಿಯಲ್ಲಿ ಆಗಲೇ ದೊಡ್ಡ ಕಂಡಿ ಕೊರೆದಿದ್ದರು. "ಶಾಫ್ಟ್ ಅಲೈನ್‌ಮೆಂಟ್ ದೊಡ್ಡ ತಲೆನೋವು ಸಾರ್. ಸೆಕೆಂಡ್ ಹ್ಯಾಂಡ್ ಸ್ಟರ್ನ್ ಡ್ರೈವ್ ಒಂದು ಸಿಕ್ತು, ಹಾಕ್ತಾ ಇದೀವಿ. ಒಳಗೆ ಜಾಗಾನೂ ಜಾಸ್ತಿ ಸಿಗುತ್ತೆ" ಅಂದರು. ನಮ್ಮನ್ನು ಒಂದು ಮಾತು ಕೇಳಿರಲಿಲ್ಲ.

ಇನ್‌ಬೋರ್ಡ್ ದೋಣಿಯಲ್ಲಿ ಎಂಜಿನ್ ಹೆಚ್ಚುಕಡಿಮೆ ನಡುಭಾಗದಲ್ಲಿ ಕೂರುತ್ತದೆ. ಶಾಫ್ಟ್ ಓರೆಯಾಗಿ ತಳದಿಂದ ಹೊರಬರುತ್ತದೆ. ಪ್ರೊಪೆಲ್ಲರ್ ನೂಕಿದ ಬಲ ಶಾಫ್ಟಿನ ಮೂಲಕ ಎಂಜಿನ್ ಕೂತಿರುವ ಉದ್ದನೆಯ ತೊಲೆಗಳಿಗೆ ಹೋಗಿ, ಅಲ್ಲಿಂದ ಇಡೀ ತಳಕ್ಕೆ ಹಂಚಿಹೋಗುತ್ತದೆ. ಹಿಂದಿನ ಗೋಡೆ, ಅಂದರೆ ಟ್ರಾನ್ಸಮ್, ನೀರು ತಡೆದರೆ ಸಾಕು. ಅದಕ್ಕೇ ಹಳಬರು ಅದನ್ನು ತೆಳ್ಳಗೆ, ಚೆಂದಕ್ಕೆ ಬಾಗಿಸಿ ಕಟ್ಟುತ್ತಿದ್ದರು. ಸ್ಟರ್ನ್ ಡ್ರೈವಿನಲ್ಲಿ ಎಂಜಿನ್ ಆ ಟ್ರಾನ್ಸಮ್ಮಿಗೇ ಅಂಟಿಕೊಂಡು ಕೂರುತ್ತದೆ, ಡ್ರೈವಿನ ಕಾಲು ಆಚೆ ಬದಿಯಲ್ಲಿ ನೀರಿಗಿಳಿಯುತ್ತದೆ. ನೂಕುವುದು, ತಿರುಗಿಸುವುದು, ಅಲೆಯ ಹೊಡೆತ, ಎಲ್ಲವನ್ನೂ ಆ ಗೋಡೆಯೇ ತಾಳಬೇಕು. ಸ್ಟರ್ನ್ ಡ್ರೈವನ್ನು ಬಳಕೆಗೆ ತಂದ ವೋಲ್ವೊ ಪೆಂಟಾ ಕಂಪನಿಯ ಆಕ್ವಾಮ್ಯಾಟಿಕ್ ಡ್ರೈವ್ ಮಾರುಕಟ್ಟೆಗೆ ಬಂದದ್ದೇ 1959ರಲ್ಲಿ. ಅದಕ್ಕೂ ಹಿಂದಿನ ಪ್ಲಾನ್ ಬರೆದವರು ಈ ಭಾರಕ್ಕೆ ಲೆಕ್ಕ ಹಾಕಿರೋದಾದರೂ ಹೇಗೆ?

ತೂಕವೂ ಸಣ್ಣದೇನಲ್ಲ. ಮೂರು ಲೀಟರಿನ, ನಾಲ್ಕು ಸಿಲಿಂಡರಿನ ಮಾಮೂಲಿ ಸ್ಟರ್ನ್ ಡ್ರೈವ್ ಸೆಟ್ಟೇ 280 ಕಿಲೋ ದಾಟುತ್ತದೆ. ಅಷ್ಟನ್ನು ನಡುವಿನಿಂದ ಎತ್ತಿ ಬಾಲದಲ್ಲಿ ಇಟ್ಟರೆ ದೋಣಿಯ ಸಮತೋಲ ಉಳಿಯುತ್ತಾ?

ಟ್ರೇಲರಿನಲ್ಲಿ ಶಿರಾಡಿ ಘಾಟ್ ಇಳಿಸಿ ಉಡುಪಿ ಕಡೆಯ ಹಿನ್ನೀರಿಗೆ ತಂದೆವು. ಆಕ್ಸಿಲರೇಟರ್ ಕೊಟ್ಟ ತಕ್ಷಣ ದೋಣಿ ಹಿಂಗಾಲ ಮೇಲೆ ಕೂತ ನಾಯಿಯ ಹಾಗೆ ಮೂತಿ ಎತ್ತಿತು. ಭಾವನಿಗೆ ಮುಂದಿನದು ಏನೂ ಕಾಣಿಸದೆ ಎದ್ದು ನಿಂತು ಓಡಿಸಬೇಕಾಯಿತು. ವೇಗ ಬಂದ ಮೇಲೆ ಇನ್ನೊಂದು ಶುರು: ಮೂತಿ ಏಳುವುದು, ದಪ್ಪೆಂದು ಬೀಳುವುದು, ಮತ್ತೆ ಏಳುವುದು. ಇದಕ್ಕೆ ಪೋರ್ಪಾಯ್ಸಿಂಗ್ ಅಂತಾರೆ. ಹಿಂದಿನ ಸೀಟಿನಲ್ಲಿದ್ದ ಅಕ್ಕ ಎರಡೂ ಕೈಯಲ್ಲಿ ಮಗನನ್ನು ಅವುಚಿ ಹಿಡಿದಿದ್ದಳು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, "ಇದರ ಮೂತಿ ಯಾಕೆ ಆಕಾಶ ನೋಡ್ತದೆ ಮಾರಾಯ್ರೆ? ಮಕ್ಕಳನ್ನು ಮೊದಲು ಇಳಿಸಿ" ಅಂದರು. ಇಳಿಸಿದೆವು.

ಪೆಟ್ರೋಲ್ ಟ್ಯಾಂಕು, ಬ್ಯಾಟರಿ ಎರಡನ್ನೂ ಮುಂದಕ್ಕೆ ಸರಿಸಿದ್ದಾಯಿತು. ಡ್ರೈವಿನ ಕಾಲನ್ನು ಪೂರ್ತಿ ಒಳಕ್ಕೆ, ಅಂದರೆ ದೋಣಿಯ ಕಡೆಗೆ, ವಾಲಿಸಿ (ಟ್ರಿಮ್ ಮಾಡಿ) ನೋಡಿದ್ದಾಯಿತು. ಸ್ವಲ್ಪ ಹಿಡಿತಕ್ಕೆ ಬಂತು, ವಾಸಿಯಾಗಲಿಲ್ಲ. ವರ್ಕ್‌ಶಾಪಿಗೆ ಫೋನ್ ಮಾಡಿದರೆ, "ಹೊಸ ದೋಣಿ ಅಲ್ವಾ ಸಾರ್, ನಾಲ್ಕು ಸಲ ಓಡಿಸಿ, ಸರಿ ಹೋಗುತ್ತೆ" ಎಂಬ ಉತ್ತರ. ಈ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಷ್ಟರಲ್ಲಿ ತಳದಲ್ಲಿ ನೀರು ನಿಲ್ಲತೊಡಗಿತು. ಕಂಡಿಯ ಮೂಲೆಗಳಿಂದ ಪೇಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಎದ್ದಿತ್ತು. ವಾಪಸ್ ಬಂದು ಡ್ರೈವ್ ಬಿಚ್ಚಿಸಿ ನೋಡಿದರೆ, ಒಳಗಿನ ಲೋಹದ ಪ್ಲೇಟು ಅಂಚಿನಲ್ಲಿ ಮಾತ್ರ ಮರಕ್ಕೆ ತಾಗುತ್ತಿತ್ತು. ಟ್ರಾನ್ಸಮ್ ಬಾಗಿದೆ, ಪ್ಲೇಟು ಸಪಾಟು. ನಡುವಿನ ಸಂದಿಗೆ ಪುಟ್ಟಿ ತುಂಬಿದ್ದರು, ಅದು ಪುಡಿಯಾಗಿ ಉದುರಿತು. ಟ್ರಾನ್ಸಮ್ಮಿನ ದಪ್ಪ ಅಳೆದರೆ 32 ಮಿಲಿಮೀಟರ್. ಮರ್ಕ್ರೂಸರ್ ಎಂಬ ಹೆಸರಾಂತ ಬ್ರ್ಯಾಂಡಿನ ಡ್ರೈವುಗಳು ಕೇಳುವುದು 51ರಿಂದ 57. ಕೊರೆದ ಅಂಚಿನ ಪ್ಲೈವುಡ್‌ಗೆ ನೀರು ಒಳಗಿಳಿಯದಂತೆ ತಡೆಯುವ ಎಪಾಕ್ಸಿ ರಾಳ ಒಂದು ಕೋಟ್ ಕೂಡ ಹಚ್ಚಿರಲಿಲ್ಲ. ಸ್ಕ್ರೂಡ್ರೈವರ್ ಒತ್ತಿದರೆ ಅರ್ಧ ಇಂಚು ಸಲೀಸಾಗಿ ಇಳಿಯಿತು, ಎಳೆದರೆ ತುದಿಗೆ ಒದ್ದೆ ಹುಡಿ.

ಬೆಲ್ಲೋಸ್ ವಿಷಯ ಬೇರೆ ಹೇಳಲೇಬೇಕು. ಎಂಜಿನ್ನಿನಿಂದ ಕಾಲಿಗೆ ಹೋಗುವ ಕೀಲನ್ನು ಮುಚ್ಚಿರುವ ರಬ್ಬರ್ ಮಡಿಕೆ ಅದು. ನೀರಿಗೂ ದೋಣಿಯ ಒಳಭಾಗಕ್ಕೂ ನಡುವೆ ಅಲ್ಲಿರುವುದು ಅದೊಂದೇ. ಹರಿದರೆ ಕಟ್ಟಿ ನಿಲ್ಲಿಸಿದ ದೋಣಿ ಕೂಡ ರಾತ್ರೋರಾತ್ರಿ ಮುಳುಗಬಹುದು. ಹೊರಗಿನಿಂದ ನಮ್ಮದು ಕಪ್ಪಗೆ ಮಿರಮಿರ ಅನ್ನುತ್ತಿತ್ತು. ಬೆರಳಲ್ಲಿ ಮಡಿಕೆ ಬಿಡಿಸಿದರೆ ಒಳಗೆಲ್ಲಾ ಸೀಳು.

ಸ್ಟರ್ನ್ ಡ್ರೈವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಳ ಕಡಿಮೆ ಇದ್ದಲ್ಲಿ ಕಾಲು ಎತ್ತಬಹುದು, ಬೇರೆ ಚುಕ್ಕಾಣಿ ಬೇಡ. ಆದರೆ ಅದಕ್ಕೆಂದೇ ಬರೆದ ಮರದ ದೋಣಿಯ ಪ್ಲಾನುಗಳು ಸಿಗುತ್ತವೆ, ಅದು ಬೇಕಿದ್ದರೆ ಅವನ್ನೇ ತಗೊಳ್ಳಿ. ಇನ್‌ಬೋರ್ಡ್ ಪ್ಲಾನನ್ನೇ ಬದಲಿಸಬೇಕು ಅಂದರೆ ನೇವಲ್ ಆರ್ಕಿಟೆಕ್ಟ್ (ದೋಣಿ, ಹಡಗು ಡಿಸೈನ್ ಮಾಡುವವರು) ಒಬ್ಬರಿಂದ ತೂಕದ ಲೆಕ್ಕ ಮಾಡಿಸಿ, ಬದಲಾದ ಡ್ರಾಯಿಂಗ್ ಕೈಗೆ ಬಂದ ಮೇಲೆ ಅಡ್ವಾನ್ಸ್ ಕೊಡಿ. ಡ್ರೈವಿನ ಇನ್‌ಸ್ಟಲೇಷನ್ ಮ್ಯಾನ್ಯುಯಲ್ ಎದುರಿಗೆ ಇಟ್ಟುಕೊಂಡು ಕೇಳಿ: ಟ್ರಾನ್ಸಮ್ಮಿನ ಓರೆ ಎಷ್ಟು, ಒಳಗೂ ಹೊರಗೂ ಸಪಾಟಾಗಿದೆಯಾ, ತಳದ ತೊಲೆಗಳು ಟ್ರಾನ್ಸಮ್‌ವರೆಗೆ ಬಂದು ಗಟ್ಟಿಯಾಗಿ ಕೂಡಿಕೊಂಡಿವೆಯಾ. ಪ್ಲೈವುಡ್ ಮೇಲೆ ಐಎಸ್ 710, ಅಂದರೆ ಮೆರೈನ್ ಪ್ಲೈವುಡ್ಡಿನ ಭಾರತೀಯ ಮಾನದಂಡದ, ಮುದ್ರೆ ನೀವೇ ನೋಡಿ. ಅಡುಗೆಮನೆ ಕಪಾಟಿನ ಶೀಟು ಇಲ್ಲಿಗೆ ಆಗೋದಿಲ್ಲ.

ನಮ್ಮ ಟ್ರಾನ್ಸಮ್ ಪೂರ್ತಿ ಕಿತ್ತು ಹೊಸದು ಕೂರಿಸುತ್ತಿದ್ದಾರೆ, ಬೇರೆ ಕಡೆ. ಪ್ಲಾನಿನಲ್ಲಿದ್ದ ಹಾಗೆ ಶಾಫ್ಟೇ ಬರುತ್ತದೆ. ಆ ಡ್ರೈವನ್ನು ವರ್ಕ್‌ಶಾಪಿನವರು ಅರ್ಧ ಬೆಲೆಗೆ ವಾಪಸ್ ತಗೊಂಡರು, ಅದೇ ಬೆಲ್ಲೋಸ್ ಸಮೇತ. ಮತ್ತೆ ಮಾರಾಟಕ್ಕೆ ಇಟ್ಟೇ ಇಡುತ್ತಾರೆ. ಯಾರಾದರೂ ಸೆಕೆಂಡ್ ಹ್ಯಾಂಡ್ ಡ್ರೈವ್ ತೋರಿಸಿದರೆ ಮೊದಲು ಆ ರಬ್ಬರಿನ ಮಡಿಕೆ ಬಿಡಿಸಿ ನೋಡಿ.