ಅಂಗೈಯಗಲದ ಪಿಎಂ 2.5 ಮೀಟರ್: ಮುಂಬೈಗೆ ಎಷ್ಟು ನಂಬಿಕಸ್ಥ?

ಸಯನ್, ಮಾಟುಂಗದ ಕಡೆ ರಸ್ತೆಗೆ ತಾಗಿದ ಮನೆಯಿರುವವರಿಗೆ ಪಿಎಂ 2.5 ಅಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮೀರದ ಕಣಗಳನ್ನು ಅಳೆಯುವ ಈ ಲೇಸರ್ ಮೀಟರ್ ಉಪಯೋಗಕ್ಕೆ ಬರುತ್ತದೆ, ಆದರೆ ಅದು ತೋರಿಸಿದ್ದೆಲ್ಲ ನಿಜವಲ್ಲ. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ. ಕಣಗಳಿಗೆ ಬಡಿದು ಚದುರಿದ ಬೆಳಕಿನಿಂದ ಅಂಕಿ ಹುಟ್ಟುತ್ತದೆ. 0.3 ಮೈಕ್ರಾನ್‌ಗಿಂತ ಸಣ್ಣ ಕಣ ಅದರ ಕಣ್ಣಿಗೆ ಬೀಳುವುದೇ ಕಷ್ಟ. ಡೀಸೆಲ್ ಹೊಗೆಯಲ್ಲಿ ಎಣಿಕೆಗೆ ಹೆಚ್ಚಿರುವುದು 0.1 ಮೈಕ್ರಾನ್‌ಗೂ ಕಿರಿದಾದವು, ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಈ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ವಾಹನದ ಹೊಗೆಯಲ್ಲಿರುವ ಅನಿಲ ನೈಟ್ರೋಜನ್ ಡೈಆಕ್ಸೈಡಂತೂ ಈ ಮೀಟರಿಗೆ ಗೊತ್ತೇ ಆಗದು.

ಮಳೆಗಾಲದ್ದು ಉಲ್ಟಾ ಕಥೆ. ತೇವಾಂಶ ಶೇ. 80 ದಾಟಿದರೆ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಅಂಕಿ ಸುಮ್ಮನೆ ಏರುತ್ತದೆ. ಅಡುಗೆಮನೆಯ ಒಗ್ಗರಣೆಗೂ ಹಾಗೇ ಹಾರುತ್ತದೆ, ಆದರೆ ಅದು ಸುಳ್ಳಲ್ಲ!

ಕಿಟಕಿ ಹತ್ತಿರ, ಮೂಗಿನ ಎತ್ತರಕ್ಕೆ ಇಟ್ಟು, 10 ನಿಮಿಷ ಬಿಟ್ಟು, ಗಂಟೆಯ ಸರಾಸರಿ ನೋಡಿ. ಘನ ಮೀಟರಿಗೆ ದಿನದ ಸರಾಸರಿ ಮಿತಿ ನಮ್ಮಲ್ಲಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ಗಾಳಿಕಿಂಡಿಯ ಧೂಳನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಬಾಯಲ್ಲಿ ಊದಿದರೆ ಎಂಜಲ ಹನಿ ಒಳಗೆ ಅಂಟುತ್ತದೆ.