ಸಾಂಧಣ ಇಳಿಯೋಕೆ ಏಟೋ, ಎಟಿಸಿಯೋ?

ನಮ್ಮ ಅಕ್ಕಲಕೋಟೆ ಗೆಳೆಯರ ಗುಂಪಿನಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಹಗ್ಗದಲ್ಲಿ ಇಳಿಯುವಾಗ ಸೊಂಟಕ್ಕೆ ಏನು ಸಿಕ್ಕಿಸಬೇಕು, ಫಿಗರ್ ಏಟೋ, ಎಟಿಸಿಯೋ? ಎರಡೂ ಹಗ್ಗವನ್ನು ತಡೆದು ಇಳಿತ ನಿಧಾನ ಮಾಡುವ ಲೋಹದ ಸಾಧನಗಳು: ಏಟ್ ಇಂಗ್ಲಿಷಿನ 8ರ ಆಕಾರದ್ದು, ಎಟಿಸಿ ಎರಡು ತೂತಿನ ಪುಟ್ಟದು. ಎರಡನ್ನೂ ಮೊದಲು ಊರ ಹೊರಗಿನ ಹಳೇ ಕಲ್ಲಿನ ಖಣಿಯಲ್ಲಿ, ಆಮೇಲೆ ಮಹಾರಾಷ್ಟ್ರದ ಸಾಂಧಣ ಕಣಿವೆಯಲ್ಲಿ ಬಳಸಿ ನೋಡಿದೆ.

ಖಣಿಯಲ್ಲಿ ಎಟಿಸಿಯೇ ಗೆದ್ದಿತು. ಎರಡು ಎಳೆ ಹಗ್ಗ ಎರಡು ತೂತಿಗೆ ಹಾಕು, ಕ್ಯಾರಬಿನರ್‌ಗೆ (ಸೊಂಟಪಟ್ಟಿಯ ಲೋಹದ ಕೊಂಡಿಗೆ) ಸಿಕ್ಕಿಸು, ಲಾಕ್ ತಿರುಗಿಸು, ಮುಗೀತು. ಹಗ್ಗ ತಿರುಚಿಕೊಳ್ಳೋದಿಲ್ಲ. ಏಟ್‌ನಲ್ಲಿ ನಾಲ್ಕು ಜನ ಇಳಿಯುವಷ್ಟರಲ್ಲಿ ಎರಡೂ ಎಳೆ ಜಡೆ ಹೆಣೆದಂತಾಗಿರುತ್ತವೆ. ಕೊನೆಯವನು ಇಳಿದ ಮೇಲೆ ಒಂದು ತುದಿ ಹಿಡಿದು ಎಳೆದರೆ ಬರೋದೇ ಇಲ್ಲ. ಖಣಿಯಲ್ಲಾದರೆ ಸುತ್ತು ಹಾಕಿ ಮೇಲೆ ಹೋಗಿ ಬಿಡಿಸಬಹುದು. ಕಣಿವೆಯಲ್ಲಿ ಮುಂದಿನ ಇಳಿತಕ್ಕೂ ಅದೇ ಹಗ್ಗ ಬೇಕಲ್ವಾ?

ಸಾಂಧಣದಲ್ಲಿ ಲೆಕ್ಕ ತಿರುಗಿತು. ಭಂಡಾರದರಾ ಹತ್ತಿರದ ಸಾಮ್ರದ್ ಊರಿನಿಂದ ಕಣಿವೆಗೆ ಇಳಿಯೋದು. ಎರಡೂ ಕಡೆ ಕರಿಕಲ್ಲಿನ ಗೋಡೆ, ಮಧ್ಯೆ ನೀರಿನ ಗುಂಡಿಗಳು. ದೊಡ್ಡ ಇಳಿತ 40-50 ಅಡಿ. ಮಳೆಗಾಲದಲ್ಲಿ ಅತ್ತ ಸುಳಿಯಲೂಬಾರದು. ನಾವು ಹೋದಾಗ ಒಂದು ಚಿಕ್ಕ ಇಳಿತ ನೇರ ನೀರಿಗೇ ಮುಗಿಯುತ್ತಿತ್ತು. ಎಟಿಸಿ ಹಾಕಿದ್ದ ಗೆಳೆಯ ಎದೆಮಟ್ಟ ನೀರಿನಲ್ಲಿ ನಿಂತು, ಮರಗಟ್ಟಿದ ಬೆರಳಲ್ಲಿ ಲಾಕ್ ತಿರುಗಿಸುತ್ತಾ, "ಇದನ್ನ ತೆಗಿಯೋದ್ರಾಗ ನಾ ಥಂಡಿಗೆ ಸಾಯ್ತೀನಿ ಲೇ" ಅಂತ ಕೂಗಿದ. ಏಟ್ ಇದ್ದವರದು ಬೇರೆ ಉಪಾಯ. ಹಗ್ಗದ ತುದಿ ನೀರಿನ ಮಟ್ಟಕ್ಕೆ ಸರಿಯಾಗಿ ನಿಲ್ಲುವಂತೆ ಮೇಲೆ ಅಳತೆ ಮಾಡಿ, ತುದಿಗೆ ಗಂಟು ಹಾಕದೆ ಬಿಟ್ಟಿದ್ದೆವು. ನೀರಿಗಿಳಿದು ಈಜುತ್ತಾ ಹಿಂದೆ ಸರಿದರೆ ತುದಿ ತಾನೇ ಜಾರಿ ಹೊರಬರುತ್ತದೆ. ಎಟಿಸಿಯಲ್ಲೂ ಇದು ಆಗುತ್ತದೆ. ಆದರೆ ನೆಂದು ಉಬ್ಬಿದ ಹಗ್ಗ ಆ ಸಣ್ಣ ತೂತಿನಲ್ಲಿ ಸಲೀಸಾಗಿ ಓಡೋದಿಲ್ಲ.

ಇನ್ನು ಜಡೆಯ ಸಮಸ್ಯೆ? ಹಗ್ಗ ಹಾಯುವ ಮೇಲಿನ ಬಳೆಯಲ್ಲಿ, ಗಂಟು ಸಿಕ್ಕಿ ನಿಲ್ಲುವಂತೆ ಕಟ್ಟಿ ಒಂದೇ ಎಳೆಯಲ್ಲಿ ಇಳಿದರೆ, ಇನ್ನೊಂದು ಎಳೆ ಚೀಲದಲ್ಲೇ ಇರುತ್ತದೆ. ಹೆಣೆದುಕೊಳ್ಳೋಕೆ ಜೊತೆಯೇ ಇಲ್ಲ. ಅಂದರೆ ಏಟ್ ಮೇಲಿನ ದೊಡ್ಡ ದೂರು ಎರಡು ಎಳೆಯಲ್ಲಿ ಇಳಿಯುವವರಿಗಷ್ಟೇ.

ಸಾದಾ ಏಟ್ ಮಾತ್ರ ಬೇಡ. ಬಂಡೆಯ ಅಂಚು ದಾಟುವಾಗ ಹಗ್ಗ ಮೇಲೆ ಜಾರಿ ಬಿಗಿದುಕೊಂಡರೆ ನೇತಾಡೋದೇ ಗತಿ. ದೊಡ್ಡ ಬಳೆಯ ಎರಡೂ ಬದಿಗೆ ಕಿವಿಯಂಥ ಚಾಚು ಇರುವ ಏಟ್‌ನಲ್ಲಿ ಆ ಭಯ ಬಹಳ ಕಡಿಮೆ. ಭಾರದವರು ಇನ್ನಷ್ಟು ತಡೆ ಬೇಕಾದರೆ ಆ ಕಿವಿಗೇ ಒಂದು ಸುತ್ತು ಹಾಕಬಹುದು. ಇಳಿಯೋಕೆ ಮೊದಲೇ ಹಾಕಿಕೊಳ್ಳಿ.

ಸವೆತದ ಮಾತು. ಅಮೆರಿಕದ ಯೂಟಾ ಮರುಭೂಮಿ ಕಣಿವೆಗಳ ಮರಳುಗಲ್ಲು ಎಷ್ಟು ಮೆದು ಅಂದರೆ ಹಗ್ಗ ಎಳೆದ ಕಡೆ ಕಲ್ಲಿನಲ್ಲೇ ಆಳವಾದ ಗೀರು ಬೀಳುತ್ತದೆ. ಮರಳು ಹಿಡಿದ ಹಗ್ಗ ಅಲ್ಯೂಮಿನಿಯಂ ಅನ್ನೂ ಅರದಂತೆ ಉಜ್ಜುತ್ತದೆ. ನಮ್ಮ ಕರಿಕಲ್ಲು ಅಷ್ಟು ಸುಲಭಕ್ಕೆ ಸವೆಯೋದಿಲ್ಲ, ಹಗ್ಗವೇ ಸವೆಯುತ್ತದೆ. ಆದರೂ ಸಾಂಧಣದಿಂದ ಬಂದಾಗ ಅಂಗೈ ಕಪ್ಪಾಗಿತ್ತು, ಅದು ಏಟ್‌ನ ಲೋಹದ ಪುಡಿ.

ಈಗ ನನ್ನ ಚೀಲದಲ್ಲಿ ಕಿವಿಯ ಏಟ್. ಮೊದಲ ಸಲ ಬರುವವರಿಗೆ, ಒಣ ಇಳಿತವಾದರೆ, ಎಟಿಸಿ ಕೊಡುತ್ತೇನೆ. ಕೆಳಗೊಬ್ಬ ಹಗ್ಗದ ತುದಿ ಹಿಡಿದು ನಿಂತಿರಬೇಕು. ಮೇಲಿನವನ ಕೈ ತಪ್ಪಿದರೆ ಕೆಳಗಿನವನು ಜಗ್ಗಿದ ತಕ್ಷಣ ಏಟ್, ಎಟಿಸಿ ಎರಡೂ ನಿಲ್ಲುತ್ತವೆ.